ಗ್ರೂಪಲ್ಲಿ ಎಲ್ಲರೂ ಇದ್ದಾರೆ, ಪಕ್ಕದ ಮನೆಯವರಿಲ್ಲ

ಊರು ಈಗ ಕಿಸೆಯಲ್ಲೇ ಉಂಟು ಅಂತ ಮುಂಬಯಿಯಲ್ಲಿರುವ ನಮ್ಮ ಕಡೆಯವರು ಎಲ್ಲರೂ ಹೇಳ್ತಾರೆ, ಅದು ಸುಳ್ಳೇನೂ ಅಲ್ಲ. ಬೆಳಿಗ್ಗೆ ಉಡುಪಿ ಹತ್ತಿರದ ನಮ್ಮ ಕಟಪಾಡಿಯಲ್ಲಿ ಮಳೆ ಬಂತಾ ಇಲ್ವಾ, ಯಾರ ಮನೆಯ ತೆಂಗಿನಮರ ಕರೆಂಟಿನ ತಂತಿ ಮೇಲೆ ಬಿತ್ತು, ಮಲ್ಪೆಯಲ್ಲಿ ಇವತ್ತು ಬಂಗುಡೆ ಎಷ್ಟಕ್ಕೆ ಹೋಯ್ತು, ನಾಗರಪಂಚಮಿಗೆ ನಾಗಬನದಲ್ಲಿ ತನು (ಹಾಲು, ಎಳನೀರು) ಹಾಕುದು ಎಷ್ಟು ಗಂಟೆಗೆ, ಇದೆಲ್ಲ ನನಗೆ ಥಾಣೆ ಸ್ಟೇಶನಿನಲ್ಲಿ ಲೋಕಲ್ ಟ್ರೇನಿಗೆ ಕಾಯುವಾಗಲೇ ಗೊತ್ತಾಗ್ತದೆ. ಅಮ್ಮನಿಗೆ ಫೋನ್ ಮಾಡಿ ನಾನೇ ಊರಿನ ಸುದ್ದಿ ಹೇಳಿದ ದಿನಗಳೂ ಉಂಟು. ಆದ್ರೆ ಕೆಲವು ವರ್ಷದಿಂದ ಒಂದು ವಿಷಯ ಮನಸ್ಸಿಗೆ ಹತ್ತಿ ಕೂತಿದೆ. ಈ ಫೋನಿನಲ್ಲಿರುವ ಊರಿನಲ್ಲಿ ಅರ್ಧ ಜನ ಇಲ್ಲ. ನಾನು ಹುಟ್ಟಿ ಬೆಳೆದ ಊರಿನಲ್ಲಿ ಇದ್ದವರು ಇದರಲ್ಲಿ ಕಾಣುದಿಲ್ಲ, ಮತ್ತೆ ಅವರು ಕಾಣುದಿಲ್ಲ ಅಂತ ಯಾರಿಗೂ ಅನ್ನಿಸುದೂ ಇಲ್ಲ. ಅದರ ಬಗ್ಗೆ ಸ್ವಲ್ಪ ಬರೀಬೇಕು ಅನ್ನಿಸ್ತು.

ಮೊದಲು ನನ್ನ ದೊಡ್ಡಪ್ಪನ ಕಾಲದ್ದು ಹೇಳ್ತೇನೆ, ಯಾಕಂದ್ರೆ ಹೊರನಾಡಿನಲ್ಲಿ ಊರು ಕಟ್ಟಿಕೊಂಡು ಬದುಕಿದವರು ನಿಜವಾಗಿ ಅವರ ತಲೆಮಾರಿನವರು. ದೊಡ್ಡಪ್ಪ ಮುಂಬಯಿಗೆ ಹೋದದ್ದು ಅರವತ್ತರ ದಶಕದಲ್ಲಿ. ಕೊಂಕಣ ರೈಲ್ವೆ ಪೂರ್ತಿ ಓಡ್ಲಿಕ್ಕೆ ಶುರುವಾದದ್ದು 1998ರಲ್ಲಿ, ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬಂದದ್ದೂ ಆವಾಗಲೇ, ಅವರ ಪ್ರಾಯಕ್ಕೆ ಬಸ್ಸೇ ಗತಿ. ಫೋರ್ಟ್ ಕಡೆಯ ಒಂದು ಉಡುಪಿ ಹೋಟೆಲಿನಲ್ಲಿ ಗ್ಲಾಸು ತೊಳೆಯುವ ಕೆಲಸ, ರಾತ್ರಿ ಹೋಟೆಲು ಬಾಗಿಲು ಹಾಕಿದ ಮೇಲೆ ಟೇಬಲು ಒಟ್ಟು ಮಾಡಿ ಅದರ ಮೇಲೆಯೇ ಮಲಗುದು, ಸಂಜೆ ಮಾತ್ರ ಎರಡು ಮೂರು ಗಂಟೆ ಕನ್ನಡ ನೈಟ್ ಸ್ಕೂಲು. ಮುಂಬಯಿಯ ನೈಟ್ ಸ್ಕೂಲುಗಳಲ್ಲಿ ಕಲಿತು ಬ್ಯಾಂಕು ಸೇರಿದವರು, ವಕೀಲರಾದವರು, ಸ್ವಂತ ಹೋಟೆಲು ಇಟ್ಟವರು ನಮ್ಮ ಕಡೆ ಊರಿಗೊಬ್ಬರಾದ್ರೂ ಸಿಗ್ತಾರೆ. ದೊಡ್ಡಪ್ಪನ ಬೆಂಚಿನಲ್ಲಿ ಮಲ್ಪೆಯ ಒಬ್ಬ ಮೊಗವೀರರ ಹುಡುಗ, ಕಾರ್ಕಳದ ಒಬ್ಬ ಕೊಂಕಣಿ ಮಾತಾಡುವವ, ಮತ್ತೆ ಬಂದರಿನ ಡಾಕಿನಲ್ಲಿ ಮೂಟೆ ಹೊರುವ ಕೆಲಸ ಮಾಡ್ತಿದ್ದ ಬಿಜಾಪುರ ಕಡೆಯ ಇನ್ನೊಬ್ಬ. ಆ ಬಿಜಾಪುರದವನ ಕನ್ನಡ ಮೊದಮೊದಲು ದೊಡ್ಡಪ್ಪನಿಗೆ ಅರ್ಧ ಅರ್ಥ ಆಗ್ತಿರ್ಲಿಲ್ಲವಂತೆ, ಇವರ ಕನ್ನಡ ಅವನಿಗೆ ಪುಸ್ತಕ ಓದಿದ ಹಾಗೆ ಕೇಳ್ತಿತ್ತಂತೆ. ದೊಡ್ಡಪ್ಪನಿಗೆ ಕಾಮಾಲೆ ಆಗಿ ಆಸ್ಪತ್ರೆಯಲ್ಲಿ ಮಲಗಿದಾಗ ರಾತ್ರಿ ಬಂದು ಕೂತದ್ದು ಅದೇ ಬಿಜಾಪುರದವ. ಅವನು ತೀರಿಹೋಗುವವರೆಗೂ ನಮ್ಮ ಮನೆಯ ಮದುವೆಗಳಿಗೆಲ್ಲ ಬರ್ತಿದ್ದ, ಕೋರಿ ರೊಟ್ಟಿ ತಿನ್ನುದು ಹೇಗೆ ಅಂತ ನಾವು ಮಕ್ಕಳು ಅವನಿಗೆ ಹೇಳಿಕೊಡ್ಬೇಕಿತ್ತು.

ದೊಡ್ಡಪ್ಪ ಇವರನ್ನ ಯಾರನ್ನೂ ಆರಿಸಿಕೊಂಡದ್ದಲ್ಲ. ಬೆಂಚಿನಲ್ಲಿ ಜಾಗ ಇದ್ದಲ್ಲಿ ಕೂತದ್ದು ಅಷ್ಟೆ. ನಾನು ಹೇಳ್ಬೇಕು ಅಂತಿರುವ ಪೂರ್ತಿ ವಿಷಯ ಇಲ್ಲೇ ಉಂಟು. ಯಾರ ಜೊತೆಗೆ ಬಾಳುವೆ ಅಂತ ಮೊದಲೇ ತೀರ್ಮಾನ ಮಾಡ್ಲಿಕ್ಕೆ ಅವಕಾಶ ಇಲ್ಲದ ಕಾರಣಕ್ಕೇ ಅವರಿಗೆ ಅಷ್ಟು ಜನ ಸಿಕ್ಕಿದ್ದು.

ನಮಗೆ ಈಗ ಆ ಅವಕಾಶ ಉಂಟು. ಒಂದು ಫೋನಿನಲ್ಲಿ ಎಷ್ಟು ಗ್ರೂಪು ನೋಡಿ: ಕುಟುಂಬದ ತರವಾಡು ಮನೆಯದ್ದು, ನಮ್ಮ ಜಾತಿಯ ಯುವ ಸಂಘದ್ದು, ದೈವದ ಗರಡಿ ಜೀರ್ಣೋದ್ಧಾರದ್ದು, ದೇವಸ್ಥಾನದ ಬ್ರಹ್ಮಕಲಶದ್ದು (ಬ್ರಹ್ಮಕಲಶ ಮುಗಿದು ಎಷ್ಟೋ ವರ್ಷ ಆದ್ರೂ ಗ್ರೂಪು ಮುಗಿಯುದಿಲ್ಲ), ಭಜನಾ ಮಂಡಳಿಯದ್ದು, ಪಾರ್ಟಿಯದ್ದು, ಮುಂಬಯಿ ಸಮಿತಿಯದ್ದು. ವಾಟ್ಸಾಪಿನವರು ಮೊದಲು ಒಂದು ಗ್ರೂಪಿಗೆ 256 ಜನ ಅಂತ ಇಟ್ಟಿದ್ರು, 2022ರಲ್ಲಿ ಅದು 512 ಆಗಿ ಅದೇ ವರ್ಷ 1024 ಆಯ್ತು. ಒಂದು ಗ್ರಾಮದ ದೊಡ್ಡವರೆಲ್ಲ ಆರಾಮದಲ್ಲಿ ಹಿಡಿಸುವಷ್ಟು ಜಾಗ. ಆದ್ರೆ ನಮ್ಮ ಊರಿನ ಎಲ್ಲರೂ ಒಟ್ಟಿಗೆ ಇರುವ ಒಂದೇ ಒಂದು ಗ್ರೂಪು ನಾನು ನೋಡಿಲ್ಲ. ಜಾಗ ಜಾಸ್ತಿ ಆದಷ್ಟೂ ನಮ್ಮಂಥವರನ್ನೇ ಇನ್ನೂ ದೂರದೂರದಿಂದ ಹುಡುಕಿ ತಂದು ಸೇರಿಸ್ತೇವೆ, ಅಬುಧಾಬಿಯಿಂದ, ಪುಣೆಯಿಂದ, ಅಮೆರಿಕದಿಂದ. ಬೇಲಿಯಾಚೆಯವನನ್ನು ಸೇರಿಸುದಿಲ್ಲ.

ಒಳ್ಳೇದಾದದ್ದನ್ನು ಹೇಳದೆ ಮುಂದೆ ಹೋದ್ರೆ ಅನ್ಯಾಯ ಆಗ್ತದೆ. 2020ರ ಸೆಪ್ಟೆಂಬರ್ 20ರ ಬೆಳಿಗ್ಗೆ ಉಡುಪಿಯಲ್ಲಿ ರಾತ್ರಿಯಿಡೀ ಸುರಿದ ಮಳೆಗೆ ಕಲ್ಸಂಕ, ಮಠದಬೆಟ್ಟು, ಬೈಲಕೆರೆ ಎಲ್ಲ ಮುಳುಗಿದಾಗ ನನ್ನ ತಂಗಿಯ ಮನೆಯೊಳಗೆ ಸೊಂಟದವರೆಗೆ ನೀರು. ಯಾರ ಹತ್ತಿರ ದೋಣಿ ಉಂಟು, ಯಾವ ಓಣಿಯಲ್ಲಿ ಪ್ರಾಯದವರು ಇದ್ದಾರೆ, ಎಲ್ಲಿ ಊಟ ಉಂಟು ಅನ್ನುವ ಮೆಸೇಜು ಗ್ರೂಪಿನಿಂದ ಗ್ರೂಪಿಗೆ ಹಾರಿ, ಹತ್ತು ಗಂಟೆ ಆಗುವಷ್ಟರಲ್ಲಿ ಅವಳ ಅತ್ತೆಯನ್ನ ಮೀನುಗಾರರ ದೋಣಿಯಲ್ಲಿ ಕೂರಿಸಿ ದಾಟಿಸಿ ಆಗಿತ್ತು. ನಾನು ಥಾಣೆಯಲ್ಲಿ ಕೂತು ನೋಡ್ತಾ ಇದ್ದೆ. ಆವತ್ತು ದೋಣಿ ತಂದವರು ಯಾರು, ಯಾವ ಜಾತಿ ಅಂತ ಯಾರೂ ಕೇಳ್ಲಿಲ್ಲ, ಓಣಿಯ ಹೆಸರು ಮಾತ್ರ ಕೇಳಿದ್ರು. ಮಣಿಪಾಲದಲ್ಲಿ ಯಾರಿಗೋ ರಕ್ತ ಬೇಕು ಅಂದ್ರೂ ಹಾಗೆಯೇ, ಅರ್ಧ ಗಂಟೆಯಲ್ಲಿ ಜನ ಹೋಗಿ ನಿಲ್ತಾರೆ.

ಇನ್ನೊಂದು ಹೆಂಗಸರ ವಿಷಯ. ಹಳೆ ಕಾಲ ಎಷ್ಟು ಚಂದ ಇತ್ತು ಅಂತ ಬರೆಯುವ ಗಂಡಸರೆಲ್ಲ ಅಂಗಡಿ ಜಗಲಿ, ಬಸ್ ಸ್ಟ್ಯಾಂಡಿನ ಕಟ್ಟೆ ಅಂತ ನೆನಪು ಮಾಡ್ತಾರಲ್ಲ, ಆ ಜಗಲಿಯಲ್ಲಿ ಒಬ್ಬ ಹೆಂಗಸು ಕೂತು ಪೇಪರ್ ಓದಿದ್ದು ನಾನು ನೋಡಿಲ್ಲ. ನೈಟ್ ಸ್ಕೂಲಿನಲ್ಲೂ ಹುಡುಗರೇ. ನನ್ನ ಅಮ್ಮ ಮದುವೆಯಾಗಿ ಬಂದ ಮೇಲೆ ತನ್ನ ಶಾಲೆಯ ಗೆಳತಿಯರನ್ನ ನೋಡಿದ್ದು ಯಾರದ್ದಾದ್ರೂ ಮದುವೆಯಲ್ಲೋ ಬೊಜ್ಜದಲ್ಲೋ (ಉತ್ತರಕ್ರಿಯೆ) ಮಾತ್ರ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆದ ಮೇಲೆ ಅವರಲ್ಲಿ ಏಳೆಂಟು ಜನ ಮತ್ತೆ ಸಿಕ್ಕಿದ್ರು. ಮಧ್ಯಾಹ್ನ ಊಟ ಆದ ಮೇಲೆ ವಾಯ್ಸ್ ಮೆಸೇಜಿನಲ್ಲಿ ತುಳುವಿನಲ್ಲಿ ಮಾತು, ಒಬ್ಬಳು ಮೂಡುಬಿದಿರೆ, ಒಬ್ಬಳು ಸೊಲ್ಲಾಪುರ, ಒಬ್ಬಳು ಚೆಂಬೂರು. ಅಮ್ಮನ ಮುಖದಲ್ಲಿ ಆ ಹೊತ್ತಿಗೆ ಇರುವ ಖುಷಿ ನಾನು ಬೇರೆ ಯಾವಾಗಲೂ ಕಂಡಿಲ್ಲ. ಹಾಗಾಗಿ ಫೋನು ಬಿಸಾಡಿ ಹಿಂದೆ ಹೋಗುವ ಅಂತ ಹೇಳುವವರ ಜೊತೆ ನಾನು ಇಲ್ಲ.

ಕಟೀಲು ಮೇಳದ ಯಕ್ಷಗಾನ ಆಟ ಯೂಟ್ಯೂಬಿನಲ್ಲಿ ನೋಡುದೂ ಹಾಗೆಯೇ, ಭಾಗ್ಯ ಅಂತಲೇ ಹೇಳ್ಬೇಕು. ಆದ್ರೆ ಅದರ ಬಗ್ಗೆ ಎಲ್ಲರೂ ಬರೆದಾಗಿದೆ.

ಈಗ ಕಷ್ಟದ ಮಾತು. 2020ರ ಮೇ ತಿಂಗಳು. ಅಲ್ಲಿವರೆಗೆ ಉಡುಪಿ ಜಿಲ್ಲೆಯಲ್ಲಿ ಕೊರೊನಾ ಬಂದವರು ಬೆರಳೆಣಿಕೆ, ಅವರೂ ಗುಣ ಆಗಿ ಜಿಲ್ಲೆ ಹಸಿರು ವಲಯ ಅಂತ ಆಗಿತ್ತು. ಮುಂಬಯಿಯಲ್ಲಿ ಹೋಟೆಲು ಬಂದ್, ಕೆಲಸ ಇಲ್ಲ, ಹತ್ತಕ್ಕೆ ಹತ್ತರ ಕೋಣೆಯಲ್ಲಿ ಆರು ಜನ, ಬಾಡಿಗೆ ಕೊಡ್ಲಿಕ್ಕೆ ದುಡ್ಡಿಲ್ಲ. ಸರಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ ಪಾಸಿಗೆ ಹಾಕಿ ಸಾವಿರಾರು ಜನ ಊರಿಗೆ ಹೊರಟ್ರು. ಜೂನ್ ಶುರುವಿಗೆ ಒಂದೇ ದಿನ ಇಡೀ ರಾಜ್ಯದ 388 ಪ್ರಕರಣದಲ್ಲಿ 150 ಉಡುಪಿಯದ್ದೇ, ಹೆಚ್ಚುಕಮ್ಮಿ ಎಲ್ಲ ಮಹಾರಾಷ್ಟ್ರದಿಂದ ಬಂದವರದ್ದು. ಹೆದರಿಕೆ ಆಗುದು ಸಹಜ, ಊರಿನಲ್ಲಿ ಪ್ರಾಯ ಆದವರೇ ಜಾಸ್ತಿ, ಆ ಹೆದರಿಕೆಯನ್ನ ನಾನು ತಪ್ಪು ಅಂತ ಹೇಳುದಿಲ್ಲ. ಆದ್ರೆ ಆ ಹದಿನೈದು ಇಪ್ಪತ್ತು ದಿನ ನಮ್ಮ ಗ್ರೂಪುಗಳಲ್ಲಿ ಎಂತ ಬಂತು ಅಂತ ಓದಿದವರಿಗೆ ಅದು ಇನ್ನೂ ಮರೆತಿಲ್ಲ. ಮೊದಲು "ಮುಂಬಯಿಯವರು ಅಲ್ಲೇ ಇದ್ರೆ ಎಲ್ಲರಿಗೂ ಒಳ್ಳೇದು" ಅಂತ ಮೆತ್ತಗೆ. ಆಮೇಲೆ ಗಟ್ಟಿಯಾಗಿ. ಆಮೇಲೆ ಬಸ್ಸಿನಲ್ಲಿ ಬರುವವರ ಪಟ್ಟಿ, ಹೆಸರು, ಮನೆ ಹೆಸರು ಸಮೇತ ಯಾರೋ ಫೋಟೋ ಹೊಡೆದು ಹಾಕಿದ್ರು. ಆ ಪಟ್ಟಿಯಲ್ಲಿ ನನ್ನ ದೊಡ್ಡಪ್ಪನ ಮಗ ಇದ್ದ, ಅವನ ಹೆಂಡತಿ ಇದ್ದಳು, ಎಂಟು ವರ್ಷದ ಮಗು ಇತ್ತು. ಅದೇ ಗ್ರೂಪಿನಲ್ಲಿ ಎರಡು ವರ್ಷ ಮೊದಲು ದೇವಸ್ಥಾನದ ಸುತ್ತುಪೌಳಿಗೆ ಅವನು ಕೊಟ್ಟ ಹಣದ ರಶೀದಿ ಹಾಕಿ "ನಮ್ಮ ಊರಿನ ಹೆಮ್ಮೆ" ಅಂತ ಎಲ್ಲರೂ ಕೈ ಮುಗಿದಿದ್ರು.

ಅವನನ್ನ ಕ್ವಾರಂಟೈನಿಗೆ ಹಾಕಿದ್ದು ನಾವು ಕಲಿತ ಶಾಲೆಯಲ್ಲೇ. ಸರಕಾರದ ಕಡೆಯಿಂದ ಊಟ ಬರ್ತಿತ್ತು, ಆದ್ರೆ ಮಗುವಿಗೆ ಜ್ವರ ಬಂದು ಅದು ಊಟ ಮುಟ್ಟುದಿಲ್ಲ. ಸಂಜೆ ಹೊತ್ತಿಗೆ ಶಾಲೆಯ ಗೇಟಿನ ಹತ್ತಿರ ಒಂದು ಸ್ಟೀಲಿನ ಕ್ಯಾರಿಯರ್ ಬರ್ತಿತ್ತು. ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಒಂದು ದಿನ ಒಣ ಮೀನಿನ ಚಟ್ನಿ. ಇಟ್ಟು ಹೋಗ್ತಿದ್ದದ್ದು ಶಾಲೆಯ ಹಿಂದಿನ ಮನೆಯ ಬಾಯಮ್ಮ, ಇಗರ್ಜಿಗೆ (ಚರ್ಚಿಗೆ) ಹೋಗುವ, ಮಗಳು ಇಸ್ರೇಲಿನಲ್ಲಿ ಕೆಲಸಕ್ಕಿರುವ, ಕೈಯಲ್ಲಿ ಬಟನ್ ಫೋನು ಬಿಟ್ಟು ಬೇರೆ ಎಂತದೂ ಇಲ್ಲದ ಹೆಂಗಸು. ಅವರು ನಮ್ಮ ಒಂದು ಗ್ರೂಪಿನಲ್ಲೂ ಇರ್ಲಿಲ್ಲ, ಈಗಲೂ ಇಲ್ಲ. ಪಟ್ಟಿಯೂ ನೋಡಿರ್ಲಿಲ್ಲ. ಗೇಟಿನಿಂದ ಮಗುವಿನ ಅಳು ಕೇಳಿದ್ದಷ್ಟೆ.

ನನ್ನ ಅಣ್ಣ (ದೊಡ್ಡಪ್ಪನ ಮಗನನ್ನ ನಾನು ಅಣ್ಣ ಅಂತಲೇ ಕರೆಯುದು) ಆ ಗ್ರೂಪಿನಿಂದ ಹೊರಗೆ ಬಂದ. ಜಗಳ ಮಾಡ್ಲಿಲ್ಲ. ಈಗ ಊರಿಗೆ ಹೋದ್ರೆ ದೇವಸ್ಥಾನಕ್ಕೆ ಹೋಗ್ತಾನೆ, ಆಮೇಲೆ ಬಾಯಮ್ಮನ ಮನೆಗೆ ಹೋಗ್ತಾನೆ, ಮತ್ತೆ ಎಲ್ಲಿಗೂ ಹೋಗುದಿಲ್ಲ.

ಇದನ್ನ ಒಬ್ಬರ ಮೇಲೆ ಹಾಕ್ಲಿಕ್ಕೆ ನಾನು ಹೇಳಿದ್ದಲ್ಲ. ಆ ಪಟ್ಟಿ ಹಾಕಿದವ ಎದುರು ಸಿಕ್ಕಿದ್ರೆ ಅಣ್ಣನ ಬ್ಯಾಗು ತೆಗೊಂಡು ಮನೆವರೆಗೆ ಬಿಡುವ ಜನವೇ. ಆದ್ರೆ ಗ್ರೂಪಿನಲ್ಲಿ ಎದುರು ಯಾರೂ ಇರುದಿಲ್ಲ, ಮಗುವಿನ ಅಳು ಕೇಳುದಿಲ್ಲ, ನಮ್ಮ ಹಾಗೆಯೇ ಹೆದರಿದ ಇನ್ನೂರು ಜನ ಮಾತ್ರ ಇರ್ತಾರೆ. ಹೆದರಿಕೆಗೆ ಹೆದರಿಕೆ ಸೇರಿ ದೊಡ್ಡದಾಗ್ತದೆ, ಅದನ್ನ ತಡೀಲಿಕ್ಕೆ ಬೇರೆ ಥರದ ಒಬ್ಬ ಮನುಷ್ಯ ಒಳಗೆ ಇಲ್ಲ. ಅಂಗಡಿ ಜಗಲಿಯಲ್ಲಿ ಯಾರಾದ್ರೂ ಹಾಗೆ ಮಾತಾಡಿದ್ರೆ ಪಕ್ಕದಲ್ಲಿ ಕೂತವರು "ಎಂತ ಮಾರಾಯ, ಅವನ ಮಗು ಸಣ್ಣದು" ಅಂತ ಹೇಳ್ತಿದ್ರು. ಜಗಲಿಯಲ್ಲಿ ಕೂತವರು ಒಂದೇ ಮನೆಯವರಲ್ಲ ಅಲ್ವಾ.

ಅದೇ ಜಗಲಿಗೆ ದಿನಾ ಬರ್ತಿದ್ದ ಒಬ್ಬರು ಬ್ಯಾರಿ (ನಮ್ಮ ಕರಾವಳಿಯ ಮುಸ್ಲಿಮರು) ಇದ್ರು, ತೆಂಗಿನಕಾಯಿ ವ್ಯಾಪಾರದವರು. ಸಣ್ಣ ಟೆಂಪೋದಲ್ಲಿ ಮನೆಮನೆಗೆ ಬಂದು ಕಾಯಿ ಎಣಿಸಿ ತೆಗೊಂಡು ಹೋಗುದು. ಎಣಿಸುವಾಗ ಅವರು ಎರಡೆರಡು ಕಾಯಿ ಒಟ್ಟಿಗೆ ಹಿಡಿದು ಗೋಣಿಗೆ ಹಾಕ್ತಾ ರಾಗದಲ್ಲಿ ಲೆಕ್ಕ ಹೇಳುದು ನಮಗೆ ಮಕ್ಕಳಿಗೆ ಬಾಯಿಪಾಠ ಆಗಿತ್ತು. ಯಾರ ಮನೆಯಲ್ಲಿ ಮಗಳ ಮದುವೆ ಹತ್ತಿರ ಬಂತು ಅಂತ ಅವರಿಗೆ ಗೊತ್ತಿರ್ತಿತ್ತು, ಕೇಳದೆಯೇ ಮುಂದಿನ ಕೊಯ್ಲಿನ ಹಣ ಮುಂಗಡ ಕೊಟ್ಟು ಹೋಗ್ತಿದ್ರು. ನಾನು ಮೊದಲ ಸಲ ಮುಂಬಯಿಗೆ ಹೊರಡುವಾಗ ಅಪ್ಪನ ಕೈಗೆ ಸಿಕ್ಕಿದ ಹಣ ಹಾಗೆ ಬಂದದ್ದು. ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ತಿಂಗಳುಗಟ್ಟಲೆ ಆದ ಮೇಲೆ, ರಜೆಗೆ ಊರಿಗೆ ಹೋಗಿ ಕಾಯಿ ಯಾರು ತೆಗೊಂಡು ಹೋಗ್ತಾರೆ ಈಗ ಅಂತ ಕೇಳಿದಾಗ. ಆ ತಿಂಗಳುಗಳಲ್ಲೇ ನಾನು ಮುಖ ನೋಡದ ಎಷ್ಟೋ ಜನರ ಮರಣದ ಸುದ್ದಿ ನನ್ನ ಫೋನಿಗೆ ಬಂದಿತ್ತು, ಒಂದೊಂದಕ್ಕೂ ಕೆಳಗೆ ಎಂಬತ್ತು ತೊಂಬತ್ತು ಓಂ ಶಾಂತಿ. ಅವರದ್ದು ಮಾತ್ರ ಬರ್ಲಿಲ್ಲ. ಹಾಕುವವರು ಯಾರು? ಅವರ ಮಸೀದಿಯ ಗ್ರೂಪಿನಲ್ಲಿ ಬಂದಿರ್ತದೆ ಖಂಡಿತ, ಅಲ್ಲಿ ನಾವಿಲ್ಲ.

ಕರಾವಳಿ ಹೀಗೆ ಇದ್ದ ಜಾಗ ಅಲ್ಲ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನದ ಹೆಸರಿನಲ್ಲೇ ಬಪ್ಪ ಬ್ಯಾರಿ ಇದ್ದಾನೆ, ಶಾಂಭವಿ ನದಿಯಲ್ಲಿ ಅವನ ಹಡಗು ನಿಂತು, ಅವನೇ ದೇವಿಗೆ ಗುಡಿ ಕಟ್ಟಿಸಿದ ಕತೆ ಗೊತ್ತಿಲ್ಲದವರು ನಮ್ಮ ಕಡೆ ಇಲ್ಲ. ಅತ್ತೂರು ಇಗರ್ಜಿಯ ಜನವರಿ ಜಾತ್ರೆಗೆ ಹರಕೆ ಹೇಳಿಕೊಂಡು ಮೋಂಬತ್ತಿ ಹಚ್ಚಿ ಬರುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಅಂಥ ಊರಿನಲ್ಲಿ 2022ರ ಮಾರ್ಚಿನಲ್ಲಿ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕ್ಲಿಕ್ಕಿಲ್ಲ ಅಂತ ಆಯ್ತು. ಬ್ಯಾನರ್ ಕಟ್ಟಿದ್ದು ಗೇಟಿನಲ್ಲಿ, ಆದ್ರೆ ನಮ್ಮ ಕೈಗೆ ಆ ಬ್ಯಾನರ್ ಬಂದದ್ದು ಫೋನಿನಲ್ಲಿ, ಒಂದು ಊರಿನದ್ದು ನೋಡಿ ಇನ್ನೊಂದು ಊರು. ಫೋನಿನಿಂದಲೇ ದ್ವೇಷ ಹುಟ್ಟಿತು ಅಂತ ನಾನು ಹೇಳುದಿಲ್ಲ, ಅದರ ಬೇರು ಹಳತು, ನಮ್ಮ ಕಡೆಯ ಗಲಾಟೆಗಳು ವಾಟ್ಸಾಪಿಗಿಂತ ಮೊದಲಿನವು. 2018ರಲ್ಲಿ ಫಾರ್ವರ್ಡ್ ಮಾಡ್ಲಿಕ್ಕೆ ಒಂದು ಸಲಕ್ಕೆ ಐದೇ ಚಾಟು ಅಂತ ಭಾರತದಲ್ಲಿ ಮಿತಿ ಹಾಕಿದ್ರು, ಸುಳ್ಳು ಸುದ್ದಿಗೆ ಜನರನ್ನ ಹೊಡೆದು ಕೊಂದದ್ದು ಜಾಸ್ತಿ ಆದ ಮೇಲೆ. ಅದು ಒಳ್ಳೇದೇ. ಆದ್ರೆ ಮಿತಿ ಹಾಕಿದ್ರೆ ಸುಳ್ಳು ನಿಧಾನ ಆಗ್ಬಹುದು, ಸುಳ್ಳು ಅಂತ ಹೇಳುವ ಪಕ್ಕದ ಮನೆಯವರು ಗ್ರೂಪಿಗೆ ಬರುದಿಲ್ಲ.

ಹೊರನಾಡಿನಲ್ಲಿ ಇದರ ಇನ್ನೊಂದು ಮುಖ ನೋಡಿ. ನಾನಿರುವ ಸೊಸೈಟಿಯಲ್ಲಿ ನಾಲ್ಕು ವಿಂಗು. ಬಿ ವಿಂಗಿನಲ್ಲಿ ಕುಂದಾಪುರ ಕಡೆಯ ಒಂದು ಕುಟುಂಬ ಉಂಟು ಅಂತ ನನಗೆ ಗೊತ್ತಾಗ್ಲಿಕ್ಕೆ ವರ್ಷಗಳೇ ಹಿಡಿದವು, ಅದೂ ಗಣಪತಿ ಹಬ್ಬದ ದಿನ ಲಿಫ್ಟಿನಲ್ಲಿ ಆ ಹೆಂಗಸು ಫೋನಿನಲ್ಲಿ "ಎಂತ ಮಾಡ್ತ್ರಿ, ಬಪ್ಪುದಿಲ್ಯಾ" ಅಂತ ಹೇಳಿದ್ದು ಕೇಳಿ. ಅವರೂ ಸಂಜೆಯಿಡೀ ಕುಂದಾಪುರದ ಗ್ರೂಪಿನಲ್ಲಿ, ನಾನೂ ಕಟಪಾಡಿಯ ಗ್ರೂಪಿನಲ್ಲಿ, ನಡುವೆ ಒಂದು ಗೋಡೆ. ದೊಡ್ಡಪ್ಪನ ಕಾಲದಲ್ಲಿ ಇದು ಸಾಧ್ಯವೇ ಇರ್ಲಿಲ್ಲ. ಊರಿನ ಸುದ್ದಿ ಬೇಕಾದ್ರೆ ಊರಿನಿಂದ ಬಂದ ಮನುಷ್ಯನನ್ನೇ ಹುಡುಕ್ಬೇಕಿತ್ತು, ಹೋಟೆಲಿನ ಗಲ್ಲಾದ ಹತ್ತಿರ ನಿಂತು ಮಾತಾಡ್ಬೇಕಿತ್ತು, ಭಾನುವಾರ ಮಾಟುಂಗಾಕ್ಕೆ ಹೋಗ್ಬೇಕಿತ್ತು. 1942ರಿಂದ ನಡೀತಾ ಇರುವ ರಾಮ ನಾಯಕರ ಬೋರ್ಡಿಂಗಿನಲ್ಲಿ ಬಾಳೆ ಎಲೆ ಎದುರು ಕೂತಾಗ ಪಕ್ಕದಲ್ಲಿ ಬಂದು ಕೂತವ ಯಾವ ಊರಿನವನೋ, ಮಾತು ಶುರು ಆಗ್ತಿತ್ತು. ಈಗ ಸುದ್ದಿಗೆ ಮನುಷ್ಯ ಬೇಡ. ಮಕ್ಕಳ ಕನ್ನಡಕ್ಕೆ ಇದರಿಂದ ಆದ ನಷ್ಟ ತುಂಬಾ ದೊಡ್ಡದು. ನನ್ನ ಮಗನಿಗೆ ಕನ್ನಡ ಮಾತಾಡುವ ಗೆಳೆಯ ಬೇಕಿದ್ದಾಗ ಎರಡು ಮಹಡಿ ಕೆಳಗೆ ಅವನ ಪ್ರಾಯದ ಹುಡುಗ ಇದ್ದ, ನಮಗೆ ಗೊತ್ತೇ ಇಲ್ಲ. ಈಗ ಇಬ್ಬರೂ ಹಿಂದಿಯಲ್ಲಿ ಮಾತಾಡ್ತಾರೆ.

ಇದಕ್ಕೆ ಒಬ್ಬರು ಗೆಳೆಯರು ನನ್ನ ಹತ್ತಿರ ವಾದ ಮಾಡಿದ್ರು. ಮುಂಬಯಿಯ ಹಳೆ ಸಂಘಗಳೂ ಜಾತಿಯವೇ ಅಲ್ವಾ, ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಬಂಟರ ಸಂಘ 1927ರದ್ದು, ಆಗ ಇಲ್ಲದ ತಕರಾರು ಈಗ ಯಾಕೆ ಅಂತ. ಸರಿಯಾದ ಪ್ರಶ್ನೆ. ಆ ಸಂಘಗಳು ಕಟ್ಟಿದ ಶಾಲೆಗಳು, ಕೊಟ್ಟ ವಿದ್ಯಾರ್ಥಿವೇತನ ಇಲ್ಲದಿದ್ರೆ ನಮ್ಮಲ್ಲಿ ಎಷ್ಟೋ ಮನೆಗಳಿಗೆ ದೀಪ ಇರ್ತಿರ್ಲಿಲ್ಲ, ಅದನ್ನ ನಾನು ಕೈ ಮುಗಿದು ಒಪ್ತೇನೆ. ಆದ್ರೆ ಸಂಘಕ್ಕೆ ಹೋಗುದು ಭಾನುವಾರ. ಉಳಿದ ಆರು ದಿನ ಹೋಟೆಲಿನಲ್ಲಿ, ಚಾಳಿನ ನಲ್ಲಿಯ ಹತ್ತಿರ, ನೈಟ್ ಸ್ಕೂಲಿನಲ್ಲಿ ಸಿಕ್ಕಿದವರ ಜೊತೆಗೇ ಬದುಕ್ಬೇಕಿತ್ತು. ಈಗಿನ ಗ್ರೂಪಿಗೆ ಭಾನುವಾರ ಸೋಮವಾರ ಇಲ್ಲ, ಬೆಳಿಗ್ಗೆ ಏಳುವ ಮೊದಲೂ ಅದೇ, ರಾತ್ರಿ ಮಲಗುವಾಗಲೂ ಅದೇ. ನಮ್ಮವರ ಜೊತೆ ಸೇರುದು ತಪ್ಪಲ್ಲ ಮಾರಾಯ್ರೆ, ದಿನದ ಇಪ್ಪತ್ತನಾಲ್ಕು ಗಂಟೆಯೂ ನಮ್ಮವರ ಜೊತೆಗೆ ಮಾತ್ರ ಇರುದು ಹೊಸತು, ಅದು ಕರಾವಳಿಗೂ ಹೊಸತು, ಮುಂಬಯಿಗೂ ಹೊಸತು.

ಬೇರೆ ದಾರಿ ಇಲ್ಲವಾ ಅಂದ್ರೆ ಉಂಟು, ನನ್ನ ಫೋನಿನಲ್ಲೇ ಉಂಟು. ನಾವು ಕಲಿತ ಅನುದಾನಿತ ಕನ್ನಡ ಶಾಲೆಯ ಹಳೆ ವಿದ್ಯಾರ್ಥಿಗಳ ಗ್ರೂಪು. ಅಡ್ಮಿನ್ ನಮ್ಮ ರಿಟೈರ್ಡ್ ಟೀಚರ್. ಶಾಲೆಯ ಹಾಜರಿ ಪುಸ್ತಕದಲ್ಲಿ ಯಾರ ಹೆಸರು ಉಂಟೋ ಅವರನ್ನೆಲ್ಲ ಸೇರಿಸುದು ಅಂತ ಅವರ ಲೆಕ್ಕ, ಹಾಗಾಗಿ ಇಲ್ಲಿ ಆರಿಸುವ ಪ್ರಶ್ನೆಯೇ ಬರುದಿಲ್ಲ. ಆ ಕಾಯಿ ವ್ಯಾಪಾರದ ಬ್ಯಾರಿಯವರ ಮಗ ಸೌದಿಯ ಜುಬೈಲಿನಿಂದ ಇದ್ದಾನೆ, ಬಾಯಮ್ಮನ ಮಗಳು ಇಸ್ರೇಲಿನಿಂದ ಇದ್ದಾಳೆ, ಅವಳೇ ಅಮ್ಮನ ಸುದ್ದಿ ಹೇಳುದು. ಕಾಲನಿಯ ಹುಡುಗರು, ಶೆಣೈ ಮಾಮನ ಮೊಮ್ಮಕ್ಕಳು, ಅಣ್ಣ ಕೂಡ. ಗುಡ್ ಮಾರ್ನಿಂಗ್ ಹಾಕ್ಲಿಕ್ಕಿಲ್ಲ, ಪಾರ್ಟಿ ಮಾತಾಡ್ಲಿಕ್ಕಿಲ್ಲ. ಒಮ್ಮೆ ಒಬ್ಬ ಕೆಟ್ಟ ಫಾರ್ವರ್ಡ್ ಹಾಕಿದ, ಟೀಚರ್ ಅವನ ಪೂರ್ತಿ ಹೆಸರು ಹಿಡಿದು "ಇದು ನಿನಗೆ ಯಾರು ಕಳಿಸಿದ್ದು, ಅವರಿಗೆ ಹೇಗೆ ಗೊತ್ತಾಯ್ತು" ಅಂತ ಎರಡೇ ಸಾಲು ಬರೆದ್ರು. ಅವನೇ ಡಿಲೀಟ್ ಮಾಡಿದ. ಐವತ್ತು ದಾಟಿದ ಗಂಡಸು.

ಈ ಗ್ರೂಪಿನಲ್ಲಿ ಮಾತು ಕಮ್ಮಿ, ಕೆಲಸ ಉಂಟು. ಮಾಡಿನ ಹಂಚು ಹೋಗಿ ಮಳೆಗಾಲದಲ್ಲಿ ನಾಲ್ಕನೇ ಕ್ಲಾಸಿನೊಳಗೆ ನೀರು ಬೀಳ್ತಿತ್ತು, ಪಕ್ಕಾಸು ಬದಲಿಸಿ ಹಂಚು ಹೊದಿಸಿ ಆಯ್ತು. ಮಕ್ಕಳು ಕಮ್ಮಿ ಅಂತ ಸರಕಾರದಿಂದ ಹೊಸ ಟೀಚರ್ ಸಿಗುದಿಲ್ಲ, ಇಬ್ಬರು ಗೌರವ ಶಿಕ್ಷಕಿಯರ ಸಂಬಳ ತಿಂಗಳು ತಿಂಗಳು ಇಲ್ಲಿಂದಲೇ ಹೋಗ್ತದೆ. ಹಣ ಕೊಡ್ಲಿಕ್ಕೆ ಆಗದವರು ವರ್ಷಕ್ಕೊಮ್ಮೆ ಬಂದು ಹಿತ್ತಿಲಿನ ಹುಲ್ಲು ತೆಗೀತಾರೆ, ಅವರ ಹೆಸರೂ ಹಣ ಕೊಟ್ಟವರ ಪಟ್ಟಿಯಲ್ಲೇ ಬರ್ತದೆ. ಗೌಜಿ ಇಲ್ಲ, ಫ್ಲೆಕ್ಸ್ ಇಲ್ಲ. ನಾನು ಊರಿಗೆ ಸೇರಿದವ ಅಂತ ನನಗೆ ಅನ್ನಿಸುದು ಈ ಗ್ರೂಪಿನಿಂದ, ಯಾಕಂದ್ರೆ ಇಲ್ಲಿ ನನ್ನಿಂದ ಒಂದು ಕೆಲಸ ಆಗ್ಬೇಕು ಅಂತ ಉಂಟು, ಮತ್ತೆ ಆ ಕೆಲಸ ನನ್ನವರಿಗೆ ಮಾತ್ರ ಅಲ್ಲ. ಊರಿನಲ್ಲಿ ಇರುವವರ ಹತ್ತಿರ ನನ್ನ ವಿನಂತಿ ಇಷ್ಟೆ, ವಾರ್ಡಿನ ಲೆಕ್ಕದಲ್ಲಿ ಒಂದು ಗ್ರೂಪು ಮಾಡಿ, ಮನೆ ನಂಬರ್ ಹಿಡಿದು ಸೇರಿಸಿ, ಮರಣದ ಸುದ್ದಿ, ಮದುವೆಯ ಹೇಳಿಕೆ, ನೀರು ಬಂದಿಲ್ಲ ಅನ್ನುದು ಮೊದಲು ಅಲ್ಲಿ ಹಾಕಿ, ಸ್ಮಾರ್ಟ್ ಫೋನ್ ಇಲ್ಲದವರಿಗೆ ಒಂದು ಮಗು ಹೋಗಿ ಹೇಳ್ಲಿ. ನಮ್ಮ ಸೊಸೈಟಿಯಲ್ಲಿ ನಾನು ಮತ್ತೆ ಬಿ ವಿಂಗಿನವರು ಸೇರಿ ಶನಿವಾರ ಸಂಜೆ ಮಕ್ಕಳಿಗೆ ಕನ್ನಡ ಓದಿಸ್ಲಿಕ್ಕೆ ಶುರು ಮಾಡಿದ್ದೇವೆ, ಬೀದರ್ ಕಡೆಯವರ ಒಂದು ಹುಡುಗಿಯೂ ಬರ್ತಾಳೆ, ಅವಳಿಗೆ ನಮ್ಮ "ಎಂತ" ಕೇಳಿ ಇನ್ನೂ ನಗು.

ಶಾಲೆಯ ಗ್ರೂಪಿನಲ್ಲಿ ಟೀಚರ್ ಈಗ ಹಳೆ ಹಾಜರಿ ಪುಸ್ತಕ ಒಂದೊಂದೇ ಪುಟ ಫೋಟೋ ತೆಗೆದು ಹಾಕ್ತಾ ಇದ್ದಾರೆ, ಯಾರು ಎಲ್ಲಿದ್ದಾರೆ ಅಂತ ಎದುರು ಬರೀಲಿಕ್ಕೆ. 1987ರ ಏಳನೇ ಕ್ಲಾಸಿನಲ್ಲಿ ಇನ್ನೂ ಹನ್ನೊಂದು ಹೆಸರಿನ ಎದುರು ಖಾಲಿ ಉಂಟು. ಅದರಲ್ಲಿ ಇಬ್ಬರು ಮುಂಬಯಿಗೆ ಹೋದವರು ಅಂತ ಮಾತ್ರ ಗೊತ್ತು, ಒಬ್ಬ ಡೊಂಬಿವಲಿಯಲ್ಲಿ ಇದ್ದನಂತೆ. ಈ ಭಾನುವಾರ ನಾನು ಮತ್ತೆ ಅಣ್ಣ ಹೋಗಿ ಅಲ್ಲಿಯ ಹೋಟೆಲುಗಳಲ್ಲಿ ವಿಚಾರಿಸ್ಲಿಕ್ಕಿದ್ದೇವೆ.